ಅಮೆರಿಕದ ವಲಸೆ ರಾಜಕೀಯ: ಭಾಷಣ ಕೇಳುವಾಗ, ಫಾರ್ವರ್ಡ್ ಮಾಡುವಾಗ, ವಾದಕ್ಕೆ ಇಳಿಯುವಾಗ

2025ರ ಸೆಪ್ಟೆಂಬರ್ 19, ಶುಕ್ರವಾರ. ಅಮೆರಿಕದ ಅಧ್ಯಕ್ಷ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಹೊರದೇಶದ ನುರಿತ ಕೆಲಸಗಾರರಿಗೆ ಕೊಡುವ ಎಚ್-1ಬಿ ವೀಸಾಗೆ 1 ಲಕ್ಷ ಡಾಲರ್ ಶುಲ್ಕ. ಜೊತೆಗಿದ್ದ ವಾಣಿಜ್ಯ ಸಚಿವ ಹೊವಾರ್ಡ್ ಲಟ್ನಿಕ್, ಕಂಪನಿಗಳು ಇದನ್ನು ಪ್ರತಿ ವರ್ಷ ಕಟ್ಟಬೇಕು ಅನ್ನುವ ಅರ್ಥದಲ್ಲಿ ಮಾತಾಡಿದರು. ಶನಿವಾರ ರಾತ್ರಿ ಹನ್ನೆರಡು ದಾಟಿದ ಕೂಡಲೇ ಜಾರಿ ಅಂತಲೂ ಗೊತ್ತಾಯಿತು. ಅಷ್ಟೇ ಸಾಕಾಯಿತು. ರಜೆಗೆ ಊರಿಗೆ ಬಂದಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ತೆಗೆದುಕೊಂಡು ಓಡಿದರು. ಅಲ್ಲಿಂದ ಹೊರಡಬೇಕಿದ್ದವರು ಹತ್ತಿದ ವಿಮಾನದಿಂದ ಇಳಿದರು ಅನ್ನುವ ಸುದ್ದಿಯೂ ಬಂತು. ಶನಿವಾರ ಶ್ವೇತಭವನ ಸ್ಪಷ್ಟನೆ ಕೊಟ್ಟಿತು: ಇದು ಒಂದೇ ಸಲ ಕಟ್ಟುವ ಹಣ, ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಎಂದಿನಂತೆ ಹೋಗಿ ಬರಬಹುದು.

ಸಹಿ ಬಿದ್ದ ಕಾಗದದಲ್ಲಿ "ಪ್ರತಿ ವರ್ಷ" ಅನ್ನುವ ಮಾತೇ ಇರಲಿಲ್ಲ. ಹಳೇ ವೀಸಾದವರ ಗತಿ ಏನು ಅನ್ನುವುದನ್ನು ಅದರಲ್ಲಿ ಬಿಡಿಸಿ ಬರೆದಿರಲಿಲ್ಲ ಅನ್ನುವುದೂ ನಿಜ, ಅದು ಬರೆದವರ ಹೊಣೆ. ಆದರೆ ಎಷ್ಟೋ ಮನೆಗಳು ಆ ಎರಡು ದಿನ ನಿದ್ದೆಗೆಟ್ಟಿದ್ದು ಕಾಗದ ನೋಡಿ ಅಲ್ಲ, ಕ್ಲಿಪ್ ನೋಡಿ.

ಅಮೆರಿಕದ ವಲಸೆ ಚರ್ಚೆ ನಮಗೆ ದೂರದ ವಿಷಯ ಅಲ್ಲ. ಮಗ, ಮಗಳು, ತಂಗಿ, ಭಾವ ಅಂತ ಯಾರಾದರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಆದರೆ ನಾವು ಅದನ್ನು ಕೇಳುವ ರೀತಿ ಸರಿ ಇಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮವರಿಗೆ ತೊಂದರೆ ಆದರೆ ಅನ್ಯಾಯ, ಬೇರೆಯವರಿಗೆ ಆದರೆ ಕಾನೂನು! ಹೀಗೆ ಕೇಳಿದರೆ ಯಾವ ಭಾಷಣಕಾರನಿಗೂ ನಮ್ಮನ್ನು ಹೆದರಿಸುವುದು, ಹೆದರಿಸಿ ಇನ್ನೊಬ್ಬರ ಮೇಲೆ ಎತ್ತಿಕಟ್ಟುವುದು ಸುಲಭ. ಅದಕ್ಕೇ ಕ್ಲಿಪ್ ಬಂದಾಗ ಏನು ನೋಡಬೇಕು, ಏನು ಕೇಳಬೇಕು, ಗ್ರೂಪಿನಲ್ಲಿ ವಾದ ಶುರುವಾದರೆ ಹೇಗೆ ಮಾತಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಾಗದ ಯಾವುದು ಅಂತ ನೋಡಿ

ನಾಯಕರು ಹೇಳಿದ್ದೆಲ್ಲ ಕಾನೂನಲ್ಲ. ಪ್ರಚಾರದ ಭಾಷಣ ಒಂದು, ಅಧ್ಯಕ್ಷರ ಆದೇಶ ಇನ್ನೊಂದು, ಸಂಸತ್ತಿನಲ್ಲಿ ಮಂಡಿಸಿದ ಮಸೂದೆ ಮತ್ತೊಂದು, ಎರಡೂ ಸದನ ದಾಟಿ ಸಹಿ ಆದ ಕಾನೂನು ಬೇರೆಯೇ. "ಅಮೆರಿಕದಲ್ಲಿ ಹೊಸ ವಲಸೆ ಕಾನೂನು" ಅಂತ ಬರುವ ತಲೆಬರಹಗಳಲ್ಲಿ ಬಹಳಷ್ಟು ಯಾರೋ ಒಬ್ಬ ಸಂಸದ ಮಂಡಿಸಿದ ಮಸೂದೆಗಳು. ಅವು ಸಮಿತಿಯಿಂದ ಆಚೆಗೇ ಬರುವುದಿಲ್ಲ. ಮಸೂದೆ ಎಲ್ಲಿಗೆ ಬಂದಿದೆ ಅನ್ನುವುದನ್ನು ಅಮೆರಿಕದ ಸಂಸತ್ತಿನ ಜಾಲತಾಣದಲ್ಲಿ ಅದರ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ಅಧ್ಯಕ್ಷರ ಆದೇಶಗಳ ಪೂರ್ತಿ ಪಠ್ಯ ಫೆಡರಲ್ ರಿಜಿಸ್ಟರ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಗೆಜೆಟ್‌ನಲ್ಲಿ, ಸಿಗುತ್ತದೆ. ನಾಲ್ಕೈದು ಪುಟ ಇರುತ್ತದೆ, ಓದಿ.

ಯಾಕೆ ಓದಬೇಕು ಅಂದರೆ, ಭಾಷಣದಲ್ಲಿ ಬಯ್ಯಿಸಿಕೊಳ್ಳುವವರೂ ಆದೇಶದ ಏಟು ತಿನ್ನುವವರೂ ಎಷ್ಟೋ ಸಲ ಒಂದೇ ಜನ ಆಗಿರುವುದಿಲ್ಲ. 2025ರ ಜನವರಿ 20ರಂದು ಹುಟ್ಟಿನಿಂದ ಬರುವ ಪೌರತ್ವಕ್ಕೆ ಮಿತಿ ಹಾಕುವ ಆದೇಶ ಬಂತು. ವರ್ಷಗಟ್ಟಲೆ ಭಾಷಣದಲ್ಲಿ ಕೇಳಿದ್ದು ಗಡಿ ನುಸುಳಿ ಬಂದು ಮಗು ಹೆರುವವರ ಬಗ್ಗೆ. ಆದೇಶದ ಎರಡನೇ ಭಾಗ ತೆರೆದು ನೋಡಿದರೆ, ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ಇರುವವನೂ ಅಲ್ಲದಿದ್ದರೆ ಆ ಮಗುವಿಗೂ ಇದು ಅನ್ವಯ ಅಂತ ಬರೆದಿದೆ. ಅಂದರೆ ಎಚ್-1ಬಿ ಗಂಡ, ಅವನ ಅವಲಂಬಿತಳಾಗಿ ಎಚ್-4 ವೀಸಾದಲ್ಲಿರುವ ಹೆಂಡತಿ ಇರುವ ಮನೆ. "ನಾವು ಸರಿಯಾದ ದಾರಿಯಲ್ಲಿ ಬಂದವರು, ಇದು ನಮಗಲ್ಲ" ಅಂತ ಸುಮ್ನೆ ಕೂತಿದ್ದವರ ಹೆಸರು ಆ ಪುಟದಲ್ಲೇ ಇತ್ತು. ಮೂರೇ ದಿನಕ್ಕೆ ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರು ತಡೆ ಕೊಟ್ಟರು. ಅಲ್ಲಿ ಹುಟ್ಟಿದವರು ಅಲ್ಲಿನ ಪೌರರು ಅನ್ನುವ ಸಂವಿಧಾನದ 14ನೇ ತಿದ್ದುಪಡಿ 1868ರದ್ದು. ಚೀನೀ ದಂಪತಿಗೆ ಅಮೆರಿಕದಲ್ಲಿ ಹುಟ್ಟಿದ ಮಗ ಅಮೆರಿಕದವನೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1898ರಲ್ಲಿ. ಇಷ್ಟು ಹಳೇ ನೆಲೆಯ ಮೇಲೆ ನಿಂತ ವಿಷಯವನ್ನು ಒಂದು ಸಹಿ ಅಲುಗಾಡಿಸಬಹುದಾ ಅನ್ನುವುದು ಕೋರ್ಟಿನ ಪ್ರಶ್ನೆ. ಕೇಳುವ ನಾವು ನೋಡಬೇಕಾದ್ದು ಇಷ್ಟೇ: ಈ ಕಾಗದ ಯಾರ ಮನೆ ಬಾಗಿಲಿಗೆ ಬರುತ್ತದೆ?

ಅಂಕಿ ಬಂದರೆ: ಏನನ್ನು ಎಣಿಸಿದ್ದು, ಎಷ್ಟರಲ್ಲಿ ಎಷ್ಟು

ಗಡಿಯ ಅಂಕಿಗಳನ್ನು ಎರಡೂ ಪಕ್ಷದವರು ಬೇಕಾದ ಹಾಗೆ ತಿರುಗಿಸುತ್ತಾರೆ. ಅಮೆರಿಕದ ಗಡಿ ಇಲಾಖೆ ಪ್ರತಿ ತಿಂಗಳು ಕೊಡುವುದು ಜನರ ಲೆಕ್ಕ ಅಲ್ಲ, ಎಷ್ಟು ಸಲ ಹಿಡಿದರು ಅನ್ನುವ ಲೆಕ್ಕ. 2020ರ ಮಾರ್ಚ್‌ನಿಂದ 2023ರ ಮೇವರೆಗೆ ಕೋವಿಡ್ ಹೆಸರಿನಲ್ಲಿ ಟೈಟಲ್ 42 ಅನ್ನುವ ನಿಯಮ ಇತ್ತು. ಹಿಡಿದವರನ್ನು ಕೇಸಿಲ್ಲದೆ ತಕ್ಷಣ ಗಡಿಯಾಚೆ ಬಿಡುತ್ತಿದ್ದರು. ಬಿಟ್ಟವರು ಮರುದಿನ ಮತ್ತೆ ಬರುತ್ತಿದ್ದರು, ಮತ್ತೆ ಹಿಡಿಯುತ್ತಿದ್ದರು. ಒಬ್ಬನೇ ಮೂರು ಸಲ ಸಿಕ್ಕರೆ ಲೆಕ್ಕದಲ್ಲಿ ಮೂರು. ಇನ್ನೊಂದು ಮಾತು, ಹಿಡಿದವರೆಲ್ಲ ಒಳಗೆ ಉಳಿದವರೂ ಅಲ್ಲ. ಹಾಗಾಗಿ "ಇಷ್ಟು ಕೋಟಿ ಜನ ನುಗ್ಗಿದರು" ಅಂತ ಈ ಅಂಕಿಗಳನ್ನು ಕೂಡಿಸಿ ಹೇಳುವುದು ತಪ್ಪು.

ಹಾಗಂತ ಇನ್ನೊಂದು ಕಡೆಯವರು ಹೇಳಿದ್ದು ಸರಿ ಅಂತಲೂ ಅಲ್ಲ. ಬೈಡನ್ ಸರ್ಕಾರದ ಗೃಹಭದ್ರತಾ ಸಚಿವ ಮಯೋರ್ಕಸ್ 2022ರಲ್ಲಿ ಗಡಿ ಭದ್ರವಾಗಿದೆ ಅಂತಲೇ ಹೇಳುತ್ತಿದ್ದರು. 2023ರ ಡಿಸೆಂಬರ್ ಒಂದೇ ತಿಂಗಳಲ್ಲಿ ಮೆಕ್ಸಿಕೊ ಗಡಿಯಲ್ಲಿ ದಾಟುತ್ತಿದ್ದವರನ್ನು ಹಿಡಿದ ಸಂಖ್ಯೆ ಸುಮಾರು 2.5 ಲಕ್ಷ, ಅಲ್ಲಿಯವರೆಗಿನ ದಾಖಲೆ. ಇದೂ ಹಿಡಿದ ಲೆಕ್ಕವೇ, ತಲೆ ಲೆಕ್ಕ ಅಲ್ಲ. ಹಾಗಂದುಕೊಂಡರೂ ಅದು ಸಣ್ಣ ಸಂಖ್ಯೆ ಅಲ್ಲ. ಟೆಕ್ಸಾಸ್‌ನ ಗಡಿ ಊರಿನ ಮನುಷ್ಯನಿಗೆ "ಏನೂ ಆಗಿಲ್ಲ" ಅಂದರೆ ಅವನು ಯಾರ ಮಾತು ನಂಬುತ್ತಾನೆ ಹೇಳಿ. ಇರುವ ಸಮಸ್ಯೆಯನ್ನು ಇಲ್ಲ ಅನ್ನುವುದೂ ಸುಳ್ಳೇ, ಅದರ ಬೆಲೆಯನ್ನು ಕೊನೆಗೆ ತೆತ್ತಿದ್ದು ವಲಸಿಗರೇ.

ನಮ್ಮವರ ಲೆಕ್ಕವನ್ನೇ ನೋಡಿ. 2022ರಲ್ಲಿ ದಾಖಲೆ ಇಲ್ಲದೆ ಅಮೆರಿಕದಲ್ಲಿದ್ದ ಭಾರತೀಯರು ಎಷ್ಟು? ಪ್ಯೂ ಸಂಶೋಧನಾ ಕೇಂದ್ರದ ಅಂದಾಜು 7.25 ಲಕ್ಷ. ಅದೇ ವರ್ಷಕ್ಕೆ ಅಮೆರಿಕದ ಗೃಹಭದ್ರತಾ ಇಲಾಖೆಯ ಅಂದಾಜು 2.2 ಲಕ್ಷ. ಮೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಯಾರೂ ಮನೆ ಮನೆಗೆ ಹೋಗಿ ನಿಮ್ಮ ಕಾಗದ ತೋರಿಸಿ ಅಂತ ಎಣಿಸುವುದಿಲ್ಲ. ಜನಗಣತಿ ಸಮೀಕ್ಷೆಯ ಒಟ್ಟು ವಲಸಿಗರಲ್ಲಿ ಕಾನೂನುಬದ್ಧರನ್ನು ಕಳೆದು ಉಳಿದವರನ್ನು ಹಿಡಿಯುವ ಲೆಕ್ಕ ಇದು. ಕಳೆಯುವ ವಿಧಾನ ಬದಲಾದರೆ ಉತ್ತರ ಬದಲಾಗುತ್ತದೆ. ಒಂದೇ ಅಂಕಿ ಹಿಡಿದು ಟೇಬಲ್ ಕುಟ್ಟುವವರನ್ನು ಕಂಡರೆ, ಇನ್ನೊಂದು ಅಂದಾಜು ಏನು ಹೇಳುತ್ತದೆ ಅಂತ ಕೇಳಿ.

"ಎಷ್ಟರಲ್ಲಿ ಎಷ್ಟು" ಅನ್ನುವ ಪ್ರಶ್ನೆ ಅಪರಾಧದ ಮಾತು ಬಂದಾಗ ತುಂಬ ಮುಖ್ಯ. ಟೆಕ್ಸಾಸ್‌ನಲ್ಲಿ ಬಂಧಿತರ ಬೆರಳಚ್ಚನ್ನು ಫೆಡರಲ್ ಇಲಾಖೆಗೆ ಕಳಿಸಿ ವಲಸೆ ಸ್ಥಿತಿ ನೋಡುತ್ತಾರೆ. ಆ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನಗಳಲ್ಲಿ, ಜನಸಂಖ್ಯೆಗೆ ಹೋಲಿಸಿದರೆ ದಾಖಲೆ ಇಲ್ಲದವರ ಅಪರಾಧ ಪ್ರಮಾಣ ಅಮೆರಿಕದಲ್ಲೇ ಹುಟ್ಟಿದವರಿಗಿಂತ ಕಡಿಮೆ ಅಂತ ಕಂಡಿದೆ. ಒಬ್ಬ ವಲಸಿಗ ಕೊಲೆ ಮಾಡಿದ ಅನ್ನುವ ಸುದ್ದಿ ನಿಜ ಇರಬಹುದು, ಆ ಮನೆಯವರ ದುಃಖ ಖಂಡಿತ ನಿಜ. ಅದರಿಂದ ಲಕ್ಷಾಂತರ ಜನರ ಸ್ವಭಾವ ಹೇಳಲು ಹೊರಟರೆ ಅಲ್ಲಿ ತಡೆಯಿರಿ.

ಒಂದು ಊರಿನ ಕತೆ ಪೂರ್ತಿ ಕೇಳಿ

2024ರ ಸೆಪ್ಟೆಂಬರ್ 10ರ ಅಧ್ಯಕ್ಷ ಚುನಾವಣೆಯ ಟಿವಿ ಚರ್ಚೆಯಲ್ಲಿ ಟ್ರಂಪ್, ಓಹಾಯೊ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಬಂದವರು ಊರವರ ನಾಯಿ ಬೆಕ್ಕು ತಿನ್ನುತ್ತಿದ್ದಾರೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಹಾಗೆ ಎಲ್ಲರೂ ಹಂಚಿದರು. ಕೆಲವರು ಕೋಪದಿಂದ, ಕೆಲವರು ನಗುವುದಕ್ಕೆ, ಹಾಡು ಕಟ್ಟಿ ಕುಣಿಯುವುದಕ್ಕೆ. ಆ ಊರಿನ ಆಡಳಿತದವರು ಇಂಥದ್ದೊಂದು ನಂಬುವಂಥ ದೂರೇ ನಮ್ಮಲ್ಲಿಲ್ಲ ಅಂದಿದ್ದರು.

ಹಾಗಾದರೆ ಅಲ್ಲಿ ಆಗಿದ್ದೇನು? ಸುಮಾರು 60 ಸಾವಿರ ಜನರ ಊರು. ಕಾರ್ಖಾನೆ ಮುಚ್ಚಿ ಜನ ಕಡಿಮೆಯಾಗುತ್ತಾ ಬಂದಿದ್ದ ಊರು. ಮತ್ತೆ ಕೆಲಸಗಳು ಬಂದವು, ಕೆಲಸಕ್ಕೆ ಕೆಲವೇ ವರ್ಷಗಳಲ್ಲಿ ಹೈಟಿ ದೇಶದವರು ಬಂದರು. ಸ್ಥಳೀಯ ಆಡಳಿತದ ಅಂದಾಜು 12ರಿಂದ 15 ಸಾವಿರ. ಅವರಲ್ಲಿ ಹೆಚ್ಚಿನವರು ತಾತ್ಕಾಲಿಕ ರಕ್ಷಣೆಯ ಅಡಿಯಲ್ಲಿ ಕಾನೂನುಬದ್ಧವಾಗಿ ಇದ್ದವರು. ಇಷ್ಟು ಬೇಗ ಇಷ್ಟು ಜನ ಬಂದರೆ ಏನಾಗುತ್ತದೋ ಅದೇ ಆಯಿತು. ಬಾಡಿಗೆ ಏರಿತು, ಕ್ಲಿನಿಕ್‌ಗಳಲ್ಲಿ ಸಾಲು ಉದ್ದವಾಯಿತು, ಶಾಲೆಗಳಲ್ಲಿ ಭಾಷೆ ಬಾರದ ಮಕ್ಕಳಿಗೆ ಮೇಷ್ಟರು ಸಾಲದಾದರು. 2023ರ ಆಗಸ್ಟ್‌ನಲ್ಲಿ ಸರಿಯಾದ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸುತ್ತಿದ್ದ ಹೈಟಿಯವನೊಬ್ಬ ಶಾಲಾ ಬಸ್ಸಿಗೆ ಡಿಕ್ಕಿ ಹೊಡೆದು 11 ವರ್ಷದ ಹುಡುಗ ತೀರಿಕೊಂಡ. ಊರವರ ಸಿಟ್ಟಿಗೆ ಕಾರಣ ಇತ್ತು.

ಇಲ್ಲಿ ಒಬ್ಬ ಭಾಷಣಕಾರ ನ್ಯಾಯವಾಗಿ ಹೇಳಬಹುದಾದ ಮಾತು ಎಷ್ಟೊಂದು ಇತ್ತು ನೋಡಿ. ಬಂದವರ ಖರ್ಚಿಗೆ ಸಣ್ಣ ಊರೊಂದೇ ಯಾಕೆ ತಲೆ ಕೊಡಬೇಕು, ಫೆಡರಲ್ ಸರ್ಕಾರ ಹಣ ಕೊಡಲಿ, ಡ್ರೈವಿಂಗ್ ಕಲಿಸುವ ವ್ಯವಸ್ಥೆ ಆಗಲಿ, ಬರುವವರ ವೇಗ ತಗ್ಗಲಿ. ಇದೆಲ್ಲ ಬಿಟ್ಟು ನಾಯಿ ಬೆಕ್ಕು. ಆಗ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ, ಅದೇ ರಾಜ್ಯದ ಸೆನೆಟರ್ ಜೆ.ಡಿ. ವ್ಯಾನ್ಸ್, ಮಾಧ್ಯಮದ ಗಮನ ಸೆಳೆಯಲು ಕತೆ ಸೃಷ್ಟಿಸಬೇಕಾದರೆ ಸೃಷ್ಟಿಸುತ್ತೇನೆ ಅನ್ನುವ ಅರ್ಥದ ಮಾತನ್ನು ಟಿವಿಯಲ್ಲೇ ಹೇಳಿದರು. ಪರಿಣಾಮ ಏನು? ಊರಿಗೆ 30ಕ್ಕೂ ಹೆಚ್ಚು ಬಾಂಬ್ ಬೆದರಿಕೆ ಬಂದವು. ಎಲ್ಲವೂ ಹುಸಿ, ಆದರೆ ಶಾಲೆಗಳು ಖಾಲಿಯಾದವು. ರಿಪಬ್ಲಿಕನ್ ಪಕ್ಷದವರೇ ಆದ ಗವರ್ನರ್ ಮೈಕ್ ಡಿವೈನ್, ಅದೇ ಊರಿನಲ್ಲಿ ಹುಟ್ಟಿ ಹತ್ತಿರದಲ್ಲೇ ಬೆಳೆದವರು, ಆ ಕತೆ ಸುಳ್ಳು ಅಂತ ಬಹಿರಂಗವಾಗಿ ಹೇಳಿ ಶಾಲೆಗಳಿಗೆ ರಾಜ್ಯದ ಪೊಲೀಸರನ್ನು ಕಳಿಸಿದರು, ಆರೋಗ್ಯ ಸೇವೆಗೆ 25 ಲಕ್ಷ ಡಾಲರ್ ಕೊಟ್ಟರು. ಮಗನನ್ನು ಕಳೆದುಕೊಂಡ ಅಪ್ಪ ನಗರ ಸಭೆಯ ಮುಂದೆ ನಿಂತು, ನನ್ನ ಮಗನ ಸಾವನ್ನು ರಾಜಕೀಯಕ್ಕೆ ಬಳಸಬೇಡಿ ಅಂತ ಕೇಳಿಕೊಂಡರು. ಆ ಅಪ್ಪನ ಮಾತನ್ನು ನಾನು ಈ ಚರ್ಚೆಯಲ್ಲಿ ಕೇಳಿದ ಅತ್ಯಂತ ಘನತೆಯ ಮಾತು ಅಂತ ತಿಳಿದಿದ್ದೇನೆ.

ನಿಮಗೆ ಇಂಥ ಕತೆ ಬಂದರೆ ಎರಡು ಕೆಲಸ ಮಾಡಿ. ಒಂದು, ಆ ಊರಿನ ಸ್ಥಳೀಯ ಪತ್ರಿಕೆ, ಪೊಲೀಸ್, ಮೇಯರ್ ಏನು ಹೇಳಿದ್ದಾರೆ ಹುಡುಕಿ, ವಾಷಿಂಗ್ಟನ್‌ನ ಟಿವಿ ಆಮೇಲೆ. ಎರಡು, ಸುಳ್ಳಿನ ಕೆಳಗೆ ನಿಜವಾದ ತೊಂದರೆ ಏನಾದರೂ ಇದೆಯಾ ಅಂತ ನೋಡಿ. ಬರೀ "ಸುಳ್ಳು ಸುದ್ದಿ" ಅಂತ ಮುದ್ರೆ ಒತ್ತಿ ಮುಂದೆ ಹೋದರೆ ಬಾಡಿಗೆ ಕಟ್ಟಲಾಗದ ಅಲ್ಲಿನ ಮನುಷ್ಯನನ್ನೂ ಸುಳ್ಳ ಅಂದ ಹಾಗಾಗುತ್ತದೆ.

ನಮಗೆ ಇಷ್ಟವಾಗುವ ಕತೆಗಳಿಗೂ ಇದೇ ಪರೀಕ್ಷೆ. 2018ರಲ್ಲಿ ಟ್ರಂಪ್ ಸರ್ಕಾರ ಗಡಿಯಲ್ಲಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿದ್ದು ನಿಜ. ಅವರ ಮೊದಲ ಅವಧಿಯಲ್ಲಿ ಒಟ್ಟು ಅಂಥ ಮಕ್ಕಳು 5 ಸಾವಿರಕ್ಕೂ ಜಾಸ್ತಿ. ಆದರೆ ಆಗ ಎಲ್ಲರೂ ಹಂಚಿದ ಒಂದು ಚಿತ್ರ, ಪಂಜರದಂಥ ಬೇಲಿಯೊಳಗೆ ನೆಲದ ಮೇಲೆ ಮಲಗಿದ ಮಕ್ಕಳದ್ದು, 2014ರದ್ದು, ಒಬಾಮಾ ಕಾಲದ್ದು. 2021ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನ ಡೆಲ್ ರಿಯೊದಲ್ಲಿ ಕುದುರೆ ಮೇಲಿನ ಗಡಿ ಕಾವಲುಗಾರರು ಹೈಟಿಯವರನ್ನು ಚಾಟಿಯಿಂದ ಹೊಡೆದರು ಅಂತ ಚಿತ್ರ ಹರಿದಾಡಿತು, ಅಧ್ಯಕ್ಷ ಬೈಡನ್ ಕೂಡ ತನಿಖೆಗೆ ಮೊದಲೇ ತೀರ್ಪು ಕೊಟ್ಟ ಹಾಗೆ ಮಾತಾಡಿದರು. 2022ರ ಜುಲೈನಲ್ಲಿ ಬಂದ ತನಿಖಾ ವರದಿಯಲ್ಲಿ, ಲಗಾಮಿನಿಂದ ಯಾರನ್ನೂ ಹೊಡೆದಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಅನಗತ್ಯ ಬಲ ಬಳಸಿದ್ದು, ಒಬ್ಬ ಅವಹೇಳನದ ಮಾತಾಡಿದ್ದು ಮಾತ್ರ ನಿಜ ಅಂತ ಅದೇ ವರದಿ ಹೇಳಿತು. ನಿಜ ಇಷ್ಟು ಇರುವಾಗ ಇನ್ನಷ್ಟು ಸೇರಿಸುವ ಅಗತ್ಯ ಏನಿತ್ತು? ಸೇರಿಸಿದ್ದು ಸುಳ್ಳು ಅಂತ ಗೊತ್ತಾದ ದಿನ ಜನ ಮೂಲ ನಿಜವನ್ನೂ ನಂಬುವುದಿಲ್ಲ.

"ಸಾಲಿನಲ್ಲಿ ನಿಂತು ಬನ್ನಿ" ಅಂದಾಗ

ಇದು ನಮ್ಮವರ ಬಾಯಲ್ಲೂ ಜಾಸ್ತಿ ಬರುವ ಮಾತು. ಹಾಗೆ ಹೇಳುವವರಿಗೆ ಸಾಲು ಎಲ್ಲಿದೆ ಅಂತ ಕೇಳಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.4 ಲಕ್ಷ, ಅದೂ ಹೆಂಡತಿ ಮಕ್ಕಳನ್ನು ಸೇರಿಸಿ. ಒಂದು ದೇಶಕ್ಕೆ ಶೇ 7 ಮೀರುವ ಹಾಗಿಲ್ಲ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡ್‌ಗೂ ಅಷ್ಟೇ. 1990ರ ಕಾನೂನಿನ ಈ ಸಂಖ್ಯೆ ಇವತ್ತಿಗೂ ಹಾಗೇ ಇದೆ. ಅದಕ್ಕೇ 2025ರಲ್ಲೂ ಉನ್ನತ ಪದವಿ ಇರುವವರ ಇಬಿ-2 ವಿಭಾಗದ ಭಾರತೀಯರಲ್ಲಿ ಸರದಿ ಬಂದಿದ್ದು 2013ರ ಆಸುಪಾಸು ಅರ್ಜಿ ಹಾಕಿದವರಿಗೆ. ಕಾಯುತ್ತಾ ಕಾಯುತ್ತಾ ಮಗನಿಗೆ 21 ತುಂಬಿದರೆ ಅವನು ಅಪ್ಪನ ಅರ್ಜಿಯಿಂದ ಹೊರಗೆ ಬೀಳಬಹುದು. ಎರಡು ವರ್ಷದ ಕೂಸಾಗಿ ಹೋದವನು ಆ ದೇಶದಲ್ಲೇ ಓದಿ ಬೆಳೆದು ವಿದೇಶಿ ವಿದ್ಯಾರ್ಥಿ ವೀಸಾಗೆ ಅರ್ಜಿ ಹಾಕಬೇಕು.

ಇದು ಓದಿ ಕೆಲಸ ಹಿಡಿದವರ ಸಾಲು. ಹೊಲದಲ್ಲಿ, ಹೋಟೆಲಿನಲ್ಲಿ ದುಡಿಯುವವರಿಗೆ? ಹೆಚ್ಚು ತರಬೇತಿ ಬೇಡದ ಕೆಲಸಗಳಿಗೆ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 10 ಸಾವಿರ ಮೀರದ ಗ್ರೀನ್ ಕಾರ್ಡ್. ಅಲ್ಲಿ ಹತ್ತಿರದ ನೆಂಟರಿಲ್ಲದಿದ್ದರೆ ಅವರಿಗೆ ಸಾಲೇ ಇಲ್ಲ ಅನ್ನಬೇಕು.

ಕಾನೂನಿನ ಮಾತನ್ನೂ ಸರಿಯಾಗಿ ಹಿಡಿಯಿರಿ. ಗಡಿ ನುಸುಳುವುದು ಮೊದಲ ಸಲ ಸಣ್ಣ ಅಪರಾಧ, ಆರು ತಿಂಗಳವರೆಗೆ ಜೈಲು. ವೀಸಾ ಮುಗಿದ ಮೇಲೂ ಉಳಿದುಬಿಡುವುದು ಕ್ರಿಮಿನಲ್ ಅಲ್ಲ, ಸಿವಿಲ್ ತಪ್ಪು. ಗಡೀಪಾರು ಎರಡಕ್ಕೂ ಆಗಬಹುದು. ಆಶ್ರಯ ಕೇಳುವವರು ಹೇಗೇ ಒಳಗೆ ಬಂದಿದ್ದರೂ ಕೇಳಬಹುದು ಅಂತ ಅಮೆರಿಕದ ಕಾನೂನೇ ಹೇಳುತ್ತದೆ. ಇನ್ನೊಂದು ಮಗ್ಗುಲೂ ಇದೆ. ಗಟ್ಟಿ ಕಾರಣ ಇಲ್ಲದವರೂ ಆಶ್ರಯದ ಅರ್ಜಿ ಹಾಕುತ್ತಾರೆ, ಯಾಕೆಂದರೆ ತೀರ್ಪು ಬರುವವರೆಗೆ ವರ್ಷಗಟ್ಟಲೆ ಕೆಲಸ ಮಾಡಬಹುದು. ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸು ಕೊಳೆಯುತ್ತಿವೆ. ನಿಜವಾಗಿ ಜೀವ ಉಳಿಸಿಕೊಳ್ಳಲು ಓಡಿ ಬಂದವನೂ ಅದೇ ರಾಶಿಯ ಕೆಳಗೆ ಸಿಕ್ಕಿಕೊಂಡಿದ್ದಾನೆ. ಈ ಎರಡು ಮಾತನ್ನೂ ಒಂದೇ ಉಸಿರಿನಲ್ಲಿ ಹೇಳುವವರು ಸಿಕ್ಕರೆ ಅವರನ್ನು ಕೇಳಿಸಿಕೊಳ್ಳಿ, ಅಂಥವರು ಕಡಿಮೆ.

ನ್ಯಾಯ ಅಂದರೆ ಯಾರಿಗೆ

2019ರ ಜುಲೈ 10ರಂದು ದೇಶವಾರು ಮಿತಿ ತೆಗೆಯುವ ಮಸೂದೆ ಅಮೆರಿಕದ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಯಿತು. ನಮ್ಮವರೆಲ್ಲ ಕುಣಿದಾಡಿದರು, ತಪ್ಪೇನಿಲ್ಲ. ಒಂದೇ ಅರ್ಹತೆ, ಒಂದೇ ಕೆಲಸ, ಹುಟ್ಟಿದ ದೇಶ ಬೇರೆ ಅನ್ನುವ ಒಂದೇ ಕಾರಣಕ್ಕೆ ಒಬ್ಬನಿಗೆ ಒಂದೆರಡು ವರ್ಷ, ಇನ್ನೊಬ್ಬನಿಗೆ ಆಯುಷ್ಯವಿಡೀ ಕಾಯುವ ಸ್ಥಿತಿ. ಇದು ಅನ್ಯಾಯ ಅಂತಲೇ ನಾನೂ ನಂಬುತ್ತೇನೆ.

ಆದರೆ ವಿರೋಧಿಸಿದವರು ಯಾರು, ಯಾಕೆ ಅಂತ ಎಷ್ಟು ಜನ ಕೇಳಿಸಿಕೊಂಡೆವು? ಅಮೆರಿಕದಲ್ಲಿದ್ದ ಇರಾನಿನವರು ವಿರೋಧಿಸಿದರು. ಒಟ್ಟು ಸಂಖ್ಯೆ ಹೆಚ್ಚಿಸದೆ ಮಿತಿ ಮಾತ್ರ ತೆಗೆದರೆ, ಮುಂದಿನ ಎಷ್ಟೋ ವರ್ಷ ಬಹುತೇಕ ಕಾರ್ಡ್ ಭಾರತೀಯರಿಗೇ ಹೋಗುತ್ತದೆ, ಬೇರೆ ದೇಶದವರ ಬಾಗಿಲು ಮುಚ್ಚುತ್ತದೆ ಅನ್ನುವುದು ಅವರ ಭಯ. ಹೊರದೇಶದ ನರ್ಸ್‌ಗಳು ಬರುವುದು ನಿಂತುಹೋಗುತ್ತದೆ ಅನ್ನುವ ಆತಂಕವೂ ಇತ್ತು. ಸೆನೆಟರ್ ಡಿಕ್ ಡರ್ಬಿನ್, ಒಟ್ಟು ಕಾರ್ಡುಗಳನ್ನೇ ಹೆಚ್ಚಿಸಿ ಅಂತ ಅಡ್ಡ ನಿಂತರು, ನಮ್ಮವರಲ್ಲಿ ಎಷ್ಟೋ ಜನ ಅವರನ್ನು ಭಾರತ ವಿರೋಧಿ ಅಂದರು. 2020ರ ಡಿಸೆಂಬರ್‌ನಲ್ಲಿ ಮೇಲ್ಮನೆಯಾದ ಸೆನೆಟ್ ಅದನ್ನು ಬೇರೆ ರೂಪದಲ್ಲಿ ಪಾಸು ಮಾಡಿತು. ಎರಡು ಮನೆಗಳ ಪಠ್ಯ ಒಂದಾಗುವ ಮೊದಲೇ ಆ ಸಂಸತ್ತಿನ ಅವಧಿ ಮುಗಿಯಿತು, ಮಸೂದೆಯೂ ಮುಗಿಯಿತು. ಯಾರ ವಾದ ಗೆಲ್ಲಬೇಕಿತ್ತು ಅನ್ನುವುದು ಬೇರೆ ಮಾತು. ಎದುರಿನವರ ಅತಿ ಗಟ್ಟಿಯಾದ ಕಾರಣವನ್ನು ಅವರೇ ಒಪ್ಪುವ ಹಾಗೆ ನೀವು ಹೇಳಬಲ್ಲಿರಾ? ಹೇಳಲಾಗದಿದ್ದರೆ ಇನ್ನೂ ವಾದಕ್ಕೆ ಇಳಿಯಬೇಡಿ.

ಅಮೆರಿಕದ ಕೆಲಸಗಾರರ ವಿಷಯದಲ್ಲೂ ಹಾಗೇ. 2015ರಲ್ಲಿ ಓರ್ಲ್ಯಾಂಡೊದ ಡಿಸ್ನಿಯಲ್ಲಿ ಸುಮಾರು 250 ತಂತ್ರಜ್ಞರನ್ನು ತೆಗೆದರು, ಅವರಲ್ಲಿ ಹಲವರು ಹೊರಡುವ ಮೊದಲು ಭಾರತದಿಂದ ಬಂದವರಿಗೆ ಕೆಲಸ ಕಲಿಸಿಕೊಡಬೇಕಾಯಿತು. ಎಚ್-1ಬಿ ಸಂಬಳದ ನಾಲ್ಕು ಹಂತಗಳಲ್ಲಿ ಕೆಳಗಿನ ಎರಡು, ಆ ಊರಿನಲ್ಲಿ ಆ ಕೆಲಸಕ್ಕೆ ಸಿಗುವ ಮಧ್ಯದ ಸಂಬಳಕ್ಕಿಂತ ಕಡಿಮೆ. ಇದನ್ನು ತೋರಿಸಿ ಪ್ರಶ್ನೆ ಕೇಳುವವರೆಲ್ಲ ಜನಾಂಗದ್ವೇಷಿಗಳಲ್ಲ. ಕೆಲವರು ಇರಬಹುದು, ನಮ್ಮ ಮೈಬಣ್ಣ, ಊಟ, ದೇವರ ಬಗ್ಗೆ ಅಸಹ್ಯವಾಗಿ ಬರೆಯುವವರೂ ಇದ್ದಾರೆ, ಅವರನ್ನು ನಾನು ಸಮರ್ಥಿಸುವುದಿಲ್ಲ. ಕೆಲಸ ಕಳೆದುಕೊಂಡವನನ್ನೂ ಬಯ್ಯುವವನನ್ನೂ ಒಂದೇ ಬುಟ್ಟಿಗೆ ಹಾಕಬೇಡಿ, ಅಷ್ಟೇ.

"ಗಡಿ ಬಿಗಿ ಮಾಡಿ ಅನ್ನುವವರೆಲ್ಲ ದ್ವೇಷಿಗಳು" ಅನ್ನುವವರು ಬಾರ್ಬರಾ ಜೋರ್ಡನ್ ಬಗ್ಗೆ ತಿಳಿದುಕೊಳ್ಳಬೇಕು. ಟೆಕ್ಸಾಸ್‌ನ ಕಪ್ಪು ಮಹಿಳೆ, ಡೆಮಾಕ್ರಟಿಕ್ ಪಕ್ಷದ ಸಂಸದೆಯಾಗಿದ್ದವರು. 1990ರ ದಶಕದಲ್ಲಿ ವಲಸೆ ಸುಧಾರಣಾ ಆಯೋಗದ ಅಧ್ಯಕ್ಷೆಯಾಗಿ, ಒಳಗೆ ಬರಬೇಕಾದವರು ಬರಬೇಕು, ಬರಬಾರದವರನ್ನು ತಡೆಯಬೇಕು, ಇರಬಾರದವರು ಹೋಗಬೇಕು ಅಂದರು. ಕಾನೂನುಬದ್ಧ ವಲಸೆಯನ್ನೂ ಕಡಿಮೆ ಮಾಡಿ ಅಂದಿತು ಅವರ ಆಯೋಗ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಒಂದು ಪದದ ಬಗ್ಗೆ ಮಾತ್ರ ಎಚ್ಚರ ಇರಲಿ: ಆಕ್ರಮಣ. ಇದನ್ನು ಬರೀ ಬಿಸಿ ಮಾತು ಅಂದುಕೊಳ್ಳಬೇಡಿ. 1798ರ ಶತ್ರು ವಿದೇಶಿಯರ ಕಾನೂನು ಯುದ್ಧ ಅಥವಾ ಆಕ್ರಮಣ ಇದ್ದಾಗ ಮಾತ್ರ ಬಳಸುವಂಥದ್ದು. 2025ಕ್ಕೆ ಮೊದಲು ಬಳಸಿದ್ದು ಮೂರು ಯುದ್ಧಗಳಲ್ಲಿ. 2025ರ ಮಾರ್ಚ್‌ನಲ್ಲಿ ಇದೇ ಕಾನೂನು ಹಿಡಿದು ನೂರಕ್ಕೂ ಹೆಚ್ಚು ವೆನೆಜುವೆಲಾದವರನ್ನು ವಿಚಾರಣೆ ಇಲ್ಲದೆ ಎಲ್ ಸಾಲ್ವಡಾರ್‌ನ ಜೈಲಿಗೆ ಸಾಗಿಸಿದರು. ವೇದಿಕೆಯ ಮೇಲಿನ ಪದ ಹೀಗೆ ಅಧಿಕಾರವಾಗಿ ಬದಲಾಗುತ್ತದೆ.

ಮತ ಹಾಕಿದ್ದು ಹೇಗೆ ಅಂತ ನೋಡಿ

ಬೇಗ ಹೇಳಿ ಮುಗಿಸುತ್ತೇನೆ. 2010ರಲ್ಲಿ, ದಾಖಲೆ ಇಲ್ಲದೆ ಚಿಕ್ಕಂದಿನಲ್ಲೇ ಬಂದ ಮಕ್ಕಳಿಗೆ ದಾರಿ ಮಾಡುವ ಡ್ರೀಮ್ ಮಸೂದೆ ಸೆನೆಟ್‌ನಲ್ಲಿ ಮುಂದೆ ಸಾಗಲು ಬೇಕಾದ 60 ಮತ ಸಿಗದೆ 55ಕ್ಕೆ ನಿಂತಿತು, ವಿರುದ್ಧ ಹೋದವರಲ್ಲಿ ಐವರು ಡೆಮಾಕ್ರಟರು. 2013ರಲ್ಲಿ ದೊಡ್ಡ ಸುಧಾರಣೆಯ ಮಸೂದೆ ಸೆನೆಟ್‌ನಲ್ಲಿ 68–32ರಿಂದ ಪಾಸಾಯಿತು, ರಿಪಬ್ಲಿಕನ್ ಕೈಯಲ್ಲಿದ್ದ ಕೆಳಮನೆ ಅದನ್ನು ಮತಕ್ಕೇ ಹಾಕಲಿಲ್ಲ. 2024ರ ಫೆಬ್ರವರಿಯಲ್ಲಿ ರಿಪಬ್ಲಿಕನ್ ಸೆನೆಟರ್ ಲ್ಯಾಂಕ್‌ಫರ್ಡ್ ಸೇರಿ ಎರಡೂ ಕಡೆಯವರು ಕೂತು ಬರೆದ ಬಿಗಿ ಗಡಿ ಮಸೂದೆ ಟ್ರಂಪ್ ಬೇಡ ಅಂದ ಮೇಲೆ ಬಿದ್ದುಹೋಯಿತು. ಭಾಷಣದಲ್ಲಿ ತುರ್ತು ಅನ್ನುವವರು ಮತದ ದಿನ ಎಲ್ಲಿದ್ದರು ಅನ್ನುವುದಕ್ಕೆ ದಾಖಲೆ ಇದೆ, ಹೆಸರು ಸಮೇತ ಇದೆ.

ಅದೇ ಅಳತೆ ನಮ್ಮವರಿಗೂ

2025ರ ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಸೇನಾ ವಿಮಾನ ಅಮೃತಸರಕ್ಕೆ ಬಂತು, ಕೋಳ ಹಾಕಿ ಕರೆತಂದಿದ್ದರು. ಆ ದಿನ ಗ್ರೂಪುಗಳಲ್ಲಿ ಎರಡು ಥರದ ಮಾತು. ಕೆಲವರು ದೇಶಕ್ಕೇ ಅವಮಾನ ಅಂದರು. ಇನ್ನು ಕೆಲವರು, ಕಳ್ಳದಾರಿಯಲ್ಲಿ ಹೋದರೆ ಹೀಗೇ ಆಗಬೇಕು ಅಂದರು. ಇಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ. ವಾಪಸ್ ಕಳಿಸುವ ಹಕ್ಕು ಆ ದೇಶಕ್ಕೆ ಇದೆಯಾ? ಇದೆ, 2009ರಿಂದ ಪ್ರತಿ ವರ್ಷ ಕಳಿಸಿದ ಲೆಕ್ಕವನ್ನು ನಮ್ಮ ವಿದೇಶಾಂಗ ಸಚಿವರೇ ಸಂಸತ್ತಿಗೆ ಕೊಟ್ಟರು, 2019ರಲ್ಲಿ 2,042 ಜನ. ಕೋಳ ಹಾಕುವ ನಿಯಮವೂ 2012ರಿಂದ ಇದೆ ಅಂದರು. ಹಾಗೆ ಇದೆ ಅನ್ನುವ ಮಾತ್ರಕ್ಕೆ ಅದು ಸರಿಯಾ? ಯಾರಿಗೂ ಕೈ ಎತ್ತದ ಮನುಷ್ಯನ ಕಾಲಿಗೆ ಸರಪಳಿ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಅವನು ಪಂಜಾಬಿನವನಾದರೂ ಗ್ವಾಟೆಮಾಲಾದವನಾದರೂ. ಗ್ವಾಟೆಮಾಲಾದವರಿಗೆ ವರ್ಷಗಳಿಂದ ಹೀಗೇ ಆಗುತ್ತಿತ್ತು, ಆಗ ನಾವು ಮಾತಾಡಿರಲಿಲ್ಲ ಅಲ್ವಾ?

"ನಾವು ಸರಿಯಾದ ದಾರಿಯಲ್ಲಿ ಹೋದವರು" ಅನ್ನುವುದಕ್ಕೂ ಹಿನ್ನೆಲೆ ಇದೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಅಲ್ಲಿನ ಸೇನೆಯಲ್ಲಿ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ ನೀನು ಬಿಳಿಯನಲ್ಲ, ಪೌರನಾಗಲಾರೆ ಅಂದಿತು. 1946ರಲ್ಲಿ ಬಾಗಿಲು ತೆರೆದಾಗ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ. ಒಂದು ದೇಶಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಅಂತ ಪಾಲು ಹಂಚುವ ಪದ್ಧತಿ ಹೋಗಿದ್ದು 1965ರಲ್ಲಿ, ಕಪ್ಪು ಜನರ ಹಕ್ಕಿನ ಹೋರಾಟ ಕಾವೇರಿದ್ದ ಕಾಲದಲ್ಲಿ. ನಮ್ಮವರು ಹೋದ ಸರಿಯಾದ ದಾರಿ ಇದ್ದಿದ್ದೇ ಯಾರೋ ಹೋರಾಡಿ ಕಾನೂನು ಬದಲಿಸಿದ್ದರಿಂದ.

ಇಲ್ಲಿಗೂ ಬನ್ನಿ. 2024ರ ಜುಲೈನಲ್ಲಿ ಕರ್ನಾಟಕ ಸಂಪುಟ ಖಾಸಗಿ ಕಂಪನಿಗಳಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟು, ಗಲಾಟೆ ಆದ ಮೇಲೆ ತಡೆಹಿಡಿಯಿತು. ಹೊರಗಿನವರು ಬಂದು ಬೆಂಗಳೂರು ಹಾಳಾಯಿತು ಅಂತ ಬರೆದ ಕೈಯೇ ನ್ಯೂಜೆರ್ಸಿಯಲ್ಲಿ ನಮ್ಮನ್ನು ಹೊರಗಿನವರು ಅಂತಾರೆ ಅಂತ ಅಳುವುದನ್ನು ನೋಡಿದ್ದೇನೆ. ಎರಡೂ ಒಂದೇ ಅಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವುದು ಪೌರನ ಹಕ್ಕು, ಇನ್ನೊಂದು ದೇಶಕ್ಕೆ ಹೋಗುವುದು ಹಕ್ಕಲ್ಲ. ಭಾಷೆ ಉಳಿಯಬೇಕು ಅನ್ನುವ ಆತಂಕಕ್ಕೆ ನನ್ನ ಪೂರ್ತಿ ಬೆಂಬಲ ಇದೆ. ಆದರೆ ಬಿಹಾರದಿಂದ ಬಂದ ಗಾರೆ ಕೆಲಸದವನ ಬಗ್ಗೆ ನೀವು ಬರೆದ ವಾಕ್ಯದಲ್ಲಿ "ಬಿಹಾರಿ" ತೆಗೆದು "ಕನ್ನಡಿಗ" ಅಂತ ಹಾಕಿ, ಊರಿನ ಜಾಗಕ್ಕೆ ಡಲ್ಲಾಸ್ ಹಾಕಿ ಓದಿ. ಹೊಟ್ಟೆ ಉರಿದರೆ ಆ ವಾಕ್ಯ ಕಳಿಸಬೇಡಿ.

ಮನೆ ಗ್ರೂಪಿನಲ್ಲಿ

ದೊಡ್ಡವರು ಕಳಿಸಿದ್ದಕ್ಕೆ "ಫೇಕ್" ಅಂತ ಒಂದೇ ಪದ ಬರೆಯಬೇಡಿ. ಎಲ್ಲರ ಮುಂದೆ ಮುಖ ಕೆಡಿಸಿಕೊಂಡವರು ಆಮೇಲೆ ನಿಜವನ್ನೂ ಕೇಳುವುದಿಲ್ಲ. ಅವರಿಗೊಬ್ಬರಿಗೇ ಫೋನ್ ಮಾಡಿ. "ದೊಡ್ಡಪ್ಪ, ನೀವು ಕಳಿಸಿದ ವಿಡಿಯೋ ನೋಡಿದೆ. ಅದು ಹಳೇದಂತೆ, ಈಗಿನದಲ್ಲ. ಶ್ರೀಧರನ ವೀಸಾಗೆ ಏನೂ ಆಗಲ್ಲ, ಆದೇಶದ ಪಠ್ಯ ನೋಡಿದೀನಿ, ಕಳಿಸ್ತೀನಿ" ಅಂದರೆ ಅರ್ಧ ಆತಂಕ ಇಳಿಯುತ್ತದೆ. ಅವರು ಹಂಚಿದ್ದು ದ್ವೇಷಕ್ಕಲ್ಲ, ಮಗನಿಗೆ ಏನಾಗುತ್ತದೋ ಅನ್ನುವ ಭಯಕ್ಕೆ.

ವಾದ ಬಿಸಿಯಾದರೆ ಒಂದು ಪ್ರಶ್ನೆ ಹಾಕಿ: ನಿಮ್ಮ ಪ್ರಕಾರ ನಾಳೆ ಏನು ಮಾಡಬೇಕು, ಯಾರಿಗೆ, ಎಷ್ಟು ಖರ್ಚಿನಲ್ಲಿ? "ಎಲ್ಲರನ್ನೂ ಓಡಿಸಿ" ಅನ್ನುವವರು ದಶಕಗಳಿಂದ ತೆರಿಗೆ ಕಟ್ಟುತ್ತಾ ಬಂದ, ಅಲ್ಲೇ ಹುಟ್ಟಿದ ಮಕ್ಕಳಿರುವ ಮನೆಯ ಬಗ್ಗೆ ಹೇಳಲಿ. "ಎಲ್ಲರಿಗೂ ಬಾಗಿಲು ತೆರೆಯಿರಿ" ಅನ್ನುವವರು ಸ್ಪ್ರಿಂಗ್‌ಫೀಲ್ಡ್‌ನ ಕ್ಲಿನಿಕ್ಕಿನ ಸಾಲಿನ ಬಗ್ಗೆ ಹೇಳಲಿ. ಉತ್ತರ ಕೊಡಲು ಇಬ್ಬರಿಗೂ ಪೂರ್ತಿ ಸಮಯ ಕೊಡಿ, ನಡುವೆ ಇಮೋಜಿ ಹಾಕಬೇಡಿ.

ವೀಸಾ, ಗ್ರೀನ್ ಕಾರ್ಡ್ ವಿಷಯದಲ್ಲಿ ನಿರ್ಧಾರ ತೆಗೆದುಕೊಳ್ಳುವ ಮುಂಚೆ, ಟಿಕೆಟ್ ರದ್ದು ಮಾಡುವುದಾಗಲಿ ಕೆಲಸ ಬಿಡುವುದಾಗಲಿ, ಆದೇಶದ ಪಠ್ಯ ಮತ್ತು ವಲಸೆ ಇಲಾಖೆಯ ಪ್ರಕಟಣೆ ಎರಡನ್ನೂ ನೋಡಿ, ಕಂಪನಿಯ ವಕೀಲರನ್ನು ಕೇಳಿ. ಪ್ರತಿ ತಿಂಗಳ ವೀಸಾ ಬುಲೆಟಿನ್ ಅಮೆರಿಕದ ವಿದೇಶಾಂಗ ಇಲಾಖೆಯ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತದೆ, ಅದನ್ನು ಓದಿ ಹೇಳುವುದಕ್ಕೆ ಯೂಟ್ಯೂಬ್‌ನವರು ಬೇಕಾಗಿಲ್ಲ.